ಧಮನಿಯನ್ನು ಅಪ್ಪಿದ ಗೆಡ್ಡೆ

ಜಠರದ ಹಿಂದೆ, ಬೆನ್ನೆಲುಬಿನ ಮುಂದೆ, ಒಂದು ಗೇಣಿನಷ್ಟು ಉದ್ದದ ಗ್ರಂಥಿಯೊಂದು ಅಡ್ಡಲಾಗಿ ಮಲಗಿದೆ. ಅದೇ ಮೇದೋಜೀರಕ. ಆಹಾರವನ್ನು ಅರಗಿಸುವ ರಸವೂ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನೂ ಹುಟ್ಟುವುದು ಇಲ್ಲಿಯೇ. ಇದಕ್ಕೆ ತಗಲುವ ಕ್ಯಾನ್ಸರ್ ಬಹುಕಾಲ ಸುಳಿವು ಕೊಡುವುದಿಲ್ಲ. ನೋವಿಲ್ಲದ ಕಾಮಾಲೆ, ಬೆನ್ನಿಗೆ ಹಾಯುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಐವತ್ತು ದಾಟಿದ ಮೇಲೆ ಹಠಾತ್ತನೆ ತಲೆದೋರುವ ಸಿಹಿಮೂತ್ರ ರೋಗ ಇವುಗಳನ್ನು 'ಪಿತ್ತವಿರಬೇಕು' ಎಂದು ತಳ್ಳಿಹಾಕಿ ಕಷಾಯದಲ್ಲಿ ತಿಂಗಳು ಕಳೆಯುವ ಮನೆಗಳು ಇಂದಿಗೂ ಇವೆ.

ಗ್ರಂಥಿಯ ನೆರೆಹೊರೆಯೇ ತೊಂದರೆಯ ಮೂಲ. ಕರುಳಿನ ಮುಖ್ಯ ಧಮನಿ ಅದರ ಕತ್ತಿನ ಹಿಂದೆಯೇ ಇಳಿಯುತ್ತದೆ. ಯಕೃತ್ತು, ಜಠರ, ಗುಲ್ಮಗಳನ್ನು ಪೋಷಿಸುವ ಧಮನಿಕಾಂಡ ಅದರ ಮೇಲಂಚಿನಲ್ಲಿ ಕವಲೊಡೆಯುತ್ತದೆ. ಗೆಡ್ಡೆಯು ದೂರದ ಅಂಗಗಳಿಗೆ ಹರಡದೆ ಈ ಧಮನಿಗಳನ್ನು ಸುತ್ತಿಕೊಂಡರೆ ಶಸ್ತ್ರವೈದ್ಯರು ಬಹುಕಾಲ ಕೈಚೆಲ್ಲುತ್ತಿದ್ದರು. ಧಮನಿಯನ್ನೂ ಕತ್ತರಿಸಿ ಮತ್ತೆ ಜೋಡಿಸಬಾರದೇಕೆ?

ಪ್ರಶ್ನೆ ಹೊಸದಲ್ಲ. ನ್ಯೂಯಾರ್ಕಿನ ಜೋಸೆಫ್ ಫೋರ್ಟ್ನರ್, ಸುತ್ತಲಿನ ರಕ್ತನಾಳಗಳನ್ನೂ ಸೇರಿಸಿ ಗೆಡ್ಡೆಯನ್ನು ತೆಗೆಯುವ ವಿಧಾನವನ್ನು 1973ರಲ್ಲಿಯೇ ಪ್ರಕಟಿಸಿದರು. ಸಾಹಸ ದೊಡ್ಡದು; ಫಲ ಅದಕ್ಕೆ ತಕ್ಕಂತಿರಲಿಲ್ಲ. ಸಿರೆಯ ಜೋಡಣೆ ಕ್ರಮೇಣ ರೂಢಿಗೆ ಬಂದಿತಾದರೂ ಧಮನಿಯದು ಬರಲಿಲ್ಲ. ಜೋಡಿಸಿದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಯಕೃತ್ತಿಗೋ ಕರುಳಿಗೋ ಕೆಲವೇ ಗಂಟೆಗಳಲ್ಲಿ ಅಪಾಯ. ಗ್ರಂಥಿಯಿಂದ ಸೋರುವ ಜೀರ್ಣರಸವಾದರೋ ಹೊಲಿಗೆಯನ್ನೇ ತಿಂದು ಭೀಕರ ರಕ್ತಸ್ರಾವವನ್ನುಂಟುಮಾಡಬಲ್ಲದು.

ಲೆಕ್ಕವನ್ನು ಬದಲಿಸಿದ್ದು ಕತ್ತಿಯಲ್ಲ, ಔಷಧ. ನಾಲ್ಕು ಔಷಧಗಳನ್ನು ಕೂಡಿಸಿದ ಫೋಲ್ಫಿರಿನಾಕ್ಸ್ ಚಿಕಿತ್ಸೆಯ ಫಲವನ್ನು ಫ್ರಾನ್ಸಿನ ವೈದ್ಯರು 2011ರಲ್ಲಿ ಪ್ರಕಟಿಸಿದರು. ಬೇರೆಡೆಗೆ ಹರಡಿದ ರೋಗದಲ್ಲಿ ಮಧ್ಯಾಂಕ ಆಯುಷ್ಯ 6.8 ತಿಂಗಳಿನಿಂದ 11.1 ತಿಂಗಳಿಗೆ ಏರಿತ್ತು. (ಮಧ್ಯಾಂಕವೆಂದರೆ ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕಿದರೆಂದೇ ಅರ್ಥ, ಅದು ಯಾರೊಬ್ಬರ ಜಾತಕವೂ ಅಲ್ಲ.) ತರುವಾಯ, ಧಮನಿಯನ್ನು ಸುತ್ತಿದ ಗೆಡ್ಡೆಗೂ ಮೊದಲು ಹಲವು ತಿಂಗಳು ಇಂಥ ಔಷಧ ಕೊಟ್ಟು ಕಾಯುವ ಪದ್ಧತಿ ಬಂದಿತು. ಈ ಕಾಯುವಿಕೆಯೇ ಪರೀಕ್ಷೆ. ಅವಧಿಯಲ್ಲಿ ರೋಗ ಯಕೃತ್ತಿಗೆ ಹಾರಿದರೆ ಶಸ್ತ್ರಕ್ರಿಯೆಯಿಂದ ಪ್ರಯೋಜನವಿರಲಿಲ್ಲವೆಂದು ತಿಳಿಯುತ್ತದೆ. ಹರಡದೆ ನಿಂತು, ರಕ್ತದಲ್ಲಿ ಸಿಎ 19-9 ಇಳಿದು, ರೋಗಿಯ ಮೈಯಲ್ಲಿ ಕಸುವು ಉಳಿದಿದ್ದರೆ ಆಗ ಕತ್ತಿಯ ಸರದಿ. 'ಇಂದೇ ಕೊಯ್ದುಬಿಡಿ' ಎಂದು ಬಂಧುಗಳು ಒತ್ತಾಯಿಸುವುದು ಸಹಜವಾದರೂ ವಿವೇಕವಲ್ಲ.

ಕೆಲವೊಮ್ಮೆ ಗೆಡ್ಡೆಯನ್ನು ಧಮನಿಯ ಮೇಲಿಂದ ಸಿಪ್ಪೆಯಂತೆ ಬಿಡಿಸಲು ಸಾಧ್ಯ. ಆಗದಿದ್ದರೆ ಆ ತುಂಡನ್ನು ತೆಗೆದು ತುದಿಗೆ ತುದಿ ಹೊಲಿಯುತ್ತಾರೆ, ಇಲ್ಲವೆ ಕಾಲಿನ ಸಿರೆಯನ್ನು ನಡುವೆ ಕೂಡಿಸುತ್ತಾರೆ. ಗ್ರಂಥಿಯ ನಡುಭಾಗದ ಗೆಡ್ಡೆಯಲ್ಲಂತೂ ಧಮನಿಕಾಂಡವನ್ನೇ ಕತ್ತರಿಸಿದರೂ ಕರುಳಿನ ಧಮನಿಯಿಂದ ಹಿಂದುಮುಂದಾಗಿ ಹರಿದ ರಕ್ತ ಯಕೃತ್ತನ್ನು ಸಾಕುವುದುಂಟು!

ಇಂಥ ಶಸ್ತ್ರಕ್ರಿಯೆಯನ್ನು ವರ್ಷಕ್ಕೆ ಎಷ್ಟು ಬಾರಿ ಮಾಡುತ್ತೀರಿ, ಎಷ್ಟು ಮಂದಿ ಮನೆಗೆ ಮರಳಿದರು ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಮಹಾನಗರದಲ್ಲಿರುವವರಿಗೆ ಎರಡನೆಯ ಅಭಿಪ್ರಾಯವೂ ದೂರವಲ್ಲ. ಮನೆಗೆ ಮರಳಿದವರು ಊಟದೊಡನೆ ಜೀರ್ಣರಸದ ಗುಳಿಗೆ ನುಂಗಬೇಕಾಗಬಹುದು. ಗ್ರಂಥಿ ಪೂರ್ತಿ ಹೋಗಿದ್ದರೆ ಇನ್ಸುಲಿನ್ ಚುಚ್ಚುಮದ್ದು ಜೀವನಪರ್ಯಂತ. ಧಮನಿಯ ಸುತ್ತಣ ನರಗಳನ್ನು ತೆಗೆದಿದ್ದರೆ ಭೇದಿ ಹಲವು ತಿಂಗಳು ಕಾಡೀತು. ಇದನ್ನೂ ಮುಂಚಿತವಾಗಿಯೇ ಕೇಳಿ ತಿಳಿದಿರಬೇಕು.