ರನ್‌ವೇಯ ಉದ್ದವೂ ಮೂರನೆಯ ಸಮೀಕರಣವೂ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ವಿಮಾನ ನಿಲ್ದಾಣದ ರನ್‌ವೇ ಹಿಂದೆ ಸುಮಾರು 1,670 ಮೀಟರ್ ಉದ್ದವಿದ್ದು ಸಣ್ಣ ವಿಮಾನಗಳಿಗಷ್ಟೇ ಸಾಲುತ್ತಿತ್ತು. ವಿಸ್ತರಣೆಯ ಬಳಿಕ ಅದು 2,600 ಮೀಟರಿಗೆ ಬೆಳೆದು, ಏರ್‌ಬಸ್ ಎ320ರಂಥ ವಿಮಾನಗಳೂ ಇಳಿಯುವಂತಾಯಿತು. ಈ ಹೆಚ್ಚುವರಿ ಉದ್ದ ಏಕೆ ಬೇಕಾಯಿತೆಂಬುದನ್ನು ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಚಲನೆಯ ಮೂರು ಸಮೀಕರಣಗಳಿಂದಲೇ ಬಹುಮಟ್ಟಿಗೆ ತಿಳಿಯಬಹುದು.

ಈ ಸಮೀಕರಣಗಳಲ್ಲಿ ಬರುವ ರಾಶಿಗಳು ಒಟ್ಟು ಐದು: ಆರಂಭಿಕ ವೇಗ, ಅಂತಿಮ ವೇಗ, ಕಾಲ, ಕ್ರಮಿಸಿದ ದೂರ, ಮತ್ತು ವೇಗ ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುವ ವೇಗೋತ್ಕರ್ಷ. ಮೊದಲನೆಯ ಸಮೀಕರಣದಲ್ಲಿ ದೂರವಿಲ್ಲ, ಎರಡನೆಯದರಲ್ಲಿ ಅಂತಿಮ ವೇಗವಿಲ್ಲ, ಮೂರನೆಯದರಲ್ಲಿ ಕಾಲವಿಲ್ಲ. ಯಾವ ಸೂತ್ರ ಹಿಡಿಯಬೇಕೆಂದು ತಡಕಾಡುವ ವಿದ್ಯಾರ್ಥಿ, ಲೆಕ್ಕದಲ್ಲಿ ಕೊಟ್ಟೂ ಇಲ್ಲದ, ಕೇಳಿಯೂ ಇಲ್ಲದ ರಾಶಿ ಯಾವುದೆಂದು ಮೊದಲು ಗುರುತಿಸಿಕೊಂಡರೆ ಆಯ್ಕೆ ತಾನಾಗಿಯೇ ಆಗುತ್ತದೆ. ಬಾಯಿಪಾಠ ಮಾಡಿಸುವ ತರಗತಿಗಳಲ್ಲಿ ಬಹಳ ಸಲ ಬಿಟ್ಟುಹೋಗುವುದು ಇದೇ ಹೆಜ್ಜೆ.

ದೊಡ್ಡ ವಿಮಾನವೊಂದು ಗಂಟೆಗೆ 252 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿತೆಂದೂ, ಅದರ ವೇಗ ಪ್ರತಿ ಸೆಕೆಂಡಿಗೆ 1.5 ಮೀಟರಿನಷ್ಟು ತಗ್ಗುತ್ತ ಬಂದಿತೆಂದೂ ಇಟ್ಟುಕೊಂಡರೆ, ಅದು ಪೂರ್ತಿ ನಿಲ್ಲುವಷ್ಟರಲ್ಲಿ ಎಷ್ಟು ದೂರ ಓಡುತ್ತದೆ? ದೂರವನ್ನು ಮೀಟರಿನಲ್ಲೂ ಕಾಲವನ್ನು ಸೆಕೆಂಡಿನಲ್ಲೂ ಅಳೆಯುತ್ತಿರುವುದರಿಂದ ಗಂಟೆಯ ಲೆಕ್ಕದ ವೇಗವನ್ನು 3.6ರಿಂದ ಭಾಗಿಸಿ ಸೆಕೆಂಡಿಗೆ 70 ಮೀಟರ್ ಎಂದು ಬರೆದುಕೊಳ್ಳಬೇಕು. ಇಲ್ಲಿ ಕಾಲವನ್ನು ಕೊಟ್ಟಿಲ್ಲ, ಕೇಳಿಯೂ ಇಲ್ಲ. ಆದ್ದರಿಂದ ಮೂರನೆಯ ಸಮೀಕರಣವೇ ಸರಿ. ಅದರಂತೆ ಅಂತಿಮ ವೇಗದ ವರ್ಗವು, ಆರಂಭಿಕ ವೇಗದ ವರ್ಗಕ್ಕೆ ವೇಗೋತ್ಕರ್ಷ ಮತ್ತು ದೂರಗಳ ಗುಣಲಬ್ಧದ ಎರಡರಷ್ಟನ್ನು ಕೂಡಿಸಿದಾಗ ಬರುವ ಮೊತ್ತಕ್ಕೆ ಸಮ. ವಿಮಾನ ನಿಂತಾಗ ಅಂತಿಮ ವೇಗ ಸೊನ್ನೆಯಾಗುತ್ತದೆ, ವೇಗ ಕುಗ್ಗುತ್ತಿರುವುದರಿಂದ ವೇಗೋತ್ಕರ್ಷಕ್ಕೆ ಋಣ ಚಿಹ್ನೆ ಬರುತ್ತದೆ. 4,900ನ್ನು 3ರಿಂದ ಭಾಗಿಸಿದರೆ ದೂರ ಸುಮಾರು 1,633 ಮೀಟರ್. ವಿಮಾನದ ದ್ರವ್ಯರಾಶಿ ಎಷ್ಟೆಂದು ಪ್ರಶ್ನೆಯಲ್ಲಿ ಹೇಳಿದ್ದರೂ ಈ ಲೆಕ್ಕಕ್ಕೆ ಅದು ಬೇಕಾಗುತ್ತಿರಲಿಲ್ಲ, ಏಕೆಂದರೆ ವೇಗ ತಗ್ಗುವ ದರವೇ ಕೈಯಲ್ಲಿದೆ.

ಹಳೆಯ ರನ್‌ವೇಯೇ ಸಾಕಾಗುತ್ತಿತ್ತಲ್ಲ ಎಂದು ಇಲ್ಲಿ ಅನ್ನಿಸಬಹುದು. ಆದರೆ ವಿಮಾನ ರನ್‌ವೇಯ ಅಂಚಿನಲ್ಲೇ ನೆಲ ಮುಟ್ಟುವುದಿಲ್ಲ, ಸುಮಾರು 300 ಮೀಟರ್ ಒಳಗೆ ಬಂದು ಮುಟ್ಟುತ್ತದೆ. ಅದನ್ನು ಕೂಡಿಸಿದರೆ ಮೊತ್ತ 1,933 ಮೀಟರಾಗಿ 1,670ನ್ನು ಮೀರುತ್ತದೆ. ಅದೇ ದರದಲ್ಲಿ ವೇಗ ತಗ್ಗಿಸುವ ಸಣ್ಣ ವಿಮಾನ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಇಳಿದರೆ ಅದಕ್ಕೆ ಬೇಕಾದ ಓಟ 1,008 ಮೀಟರ್ ಮಾತ್ರ. ವೇಗ ಸುಮಾರು ಐದರಲ್ಲಿ ಒಂದು ಪಾಲು ಇಳಿದರೆ ದೂರ ಐದರಲ್ಲಿ ಎರಡು ಪಾಲಿನಷ್ಟು ಇಳಿಯುವುದು ವೇಗದ ವರ್ಗದ ಪರಿಣಾಮ. ಗೋಕುಲ ರಸ್ತೆಯ ಬಸ್ಸಿಗೂ ಇದೇ ನಿಯಮ, ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಮಡಿಯಾಗುತ್ತದೆ.

ವೇಗೋತ್ಕರ್ಷ ಉದ್ದಕ್ಕೂ ಒಂದೇ ಆಗಿರಬೇಕೆಂಬುದು ಈ ಮೂರೂ ಸಮೀಕರಣಗಳ ಕರಾರು. ನಿಜವಾದ ವಿಮಾನದಲ್ಲಿ ಗಾಳಿಯ ತಡೆ, ಚಕ್ರದ ಬ್ರೇಕು, ಎಂಜಿನ್ನಿನ ಹಿಮ್ಮುಖ ಒತ್ತು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಮಳೆಯಲ್ಲಿ ನೆನೆದ ನೆಲದ ಮೇಲೆ ಘರ್ಷಣೆಯೂ ಕುಗ್ಗುತ್ತದೆ. ಹೀಗಾಗಿ 1,633 ಎಂಬುದು ಅಂದಾಜು, ನಿಲ್ದಾಣ ಕಟ್ಟುವವರು ಅದರ ಮೇಲೆ ಸಾಕಷ್ಟು ಅಂತರ ಬಿಟ್ಟುಕೊಳ್ಳುತ್ತಾರೆ.

ಸೂತ್ರ ಸರಿಯಿದ್ದೂ ಉತ್ತರ ತಪ್ಪುವುದಕ್ಕೆ ಇದೇ ಊರಿನ ರೈಲು ನಿಲ್ದಾಣ ಒಳ್ಳೆಯ ನಿದರ್ಶನ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಗಿದೆ. 550 ಮೀಟರ್ ಉದ್ದದ ರೈಲು ಸೆಕೆಂಡಿಗೆ 10 ಮೀಟರಿನಂತೆ ಅದನ್ನು ಪೂರ್ತಿ ದಾಟಲು ಹಿಡಿಯುವ ಕಾಲ ಎಷ್ಟೆಂದು ಕೇಳಿದರೆ, 1,507ನ್ನೇ 10ರಿಂದ ಭಾಗಿಸಿ 151 ಸೆಕೆಂಡ್ ಎಂದು ಬರೆಯುವವರು ಬಹಳ. ಅದು ಎಂಜಿನ್ನಿನ ಮೂತಿ ಆಚೆ ತುದಿ ತಲುಪುವ ಹೊತ್ತು ಮಾತ್ರ. ಕೊನೆಯ ಬೋಗಿಯೂ ದಾಟಬೇಕಾದರೆ ರೈಲಿನ ಉದ್ದವನ್ನೂ ಸೇರಿಸಿ 2,057 ಮೀಟರ್ ಎಂದು ಹಿಡಿಯಬೇಕು, ಆಗ ಉತ್ತರ ಸುಮಾರು 206 ಸೆಕೆಂಡ್.