ಕುಂಚ ಹಿಡಿದ ಕೈಗೂ ನಿದ್ದೆ ಬೇಕು

ಒಮ್ಮೆ ದೀಪಾವಳಿ ಕಳೆದ ಮೇಲೆ ಚಿಕ್ಕಜಾಲದ ನನ್ನ ಚಿಕಿತ್ಸಾಲಯಕ್ಕೆ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ತಲೆನೋವು, ಕುತ್ತಿಗೆ ನೋವು ಎಂದು ಬಂದರು. ಹೆಬ್ಬಾಳದ ಕಡೆ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಕುಳಿತು ಕುಳಿತು ಹೀಗಾಗಿದೆ ಎಂದುಕೊಂಡು ನೋವಿನ ಮಾತ್ರೆ ಬರೆದು ಕಳುಹಿಸಿದೆ. ಎರಡು ವಾರದಲ್ಲಿ ಮತ್ತೆ ಬಂದರು. ಈ ಸಲ ಹೊಟ್ಟೆಯುರಿಯೂ ಸೇರಿತ್ತು, ರಕ್ತದೊತ್ತಡ 152/96. ನಾಡಿ ಹಿಡಿದಾಗ ಉಗುರಿನ ಸಂದಿಯಲ್ಲಿ ಬಣ್ಣ ಕಂಡಿತು.

‘ಇದೇನಮ್ಮ?’ ಎಂದೆ.

‘ರಾತ್ರಿ ಚಿತ್ರ ಬರೀತೀನಿ ಡಾಕ್ಟ್ರೇ. ಜನವರಿ ಸಂತೆಗೆ ಹನ್ನೆರಡಾದರೂ ಆಗಬೇಕು’ ಎಂದರು.

ಮೊದಲ ಸಲವೇ ನಾನು ಕೇಳಬೇಕಿದ್ದ ಪ್ರಶ್ನೆ ಅದು.

ಅವರು ಹೇಳಿದ ಸಂತೆ, ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ. ಕಲಾವಿದರು ತಮ್ಮ ಕೃತಿಗಳನ್ನು ಕೊಳ್ಳುವವರಿಗೆ ನೇರವಾಗಿ ಮಾರುವ ಜಾಗ. ಇವರದು ಮೈಸೂರು ಸಾಂಪ್ರದಾಯಿಕ ಶೈಲಿ; ನವಿರಾದ ಗೆರೆ, ಉಬ್ಬಿದ ಮಕ್ಕಿನ ಕೆಲಸ, ಅದರ ಮೇಲೆ ಚಿನ್ನದ ರೇಕು. ಅವಸರಕ್ಕೆ ಒಗ್ಗುವ ಕಲೆಯಲ್ಲ.

ಮೂರನೆಯ ಪಾಳಿ

ಬೆಳಿಗ್ಗೆ ಐದೂವರೆಗೆ ಏಳುವುದು, ಎಂಟಕ್ಕೆ ಬಸ್ಸು, ಸಂಜೆ ಏಳಕ್ಕೆ ಮನೆ. ಅಡುಗೆ, ಮಕ್ಕಳ ಪಾಠ ಮುಗಿಸಿ ಹತ್ತೂವರೆಗೆ ಕುಂಚ ಹಿಡಿದರೆ ರಾತ್ರಿ ಎರಡು. ಉಳಿದದ್ದು ಮೂರೂವರೆ ಗಂಟೆ ನಿದ್ದೆ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ನಿದ್ದೆಯಲ್ಲಿ ರಕ್ತದೊತ್ತಡ ತಾನಾಗಿ ಇಳಿದು ಹೃದಯ, ರಕ್ತನಾಳಗಳಿಗೆ ವಿಶ್ರಾಂತಿ ಸಿಗುತ್ತದೆ. ತಿಂಗಳುಗಟ್ಟಲೆ ಅದು ತಪ್ಪಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡರ ಸಂಭವವೂ ಹೆಚ್ಚುತ್ತದೆ. ಊಟ ಬಿಟ್ಟು ನೋವಿನ ಮಾತ್ರೆ ನುಂಗಿದರೆ ಹೊಟ್ಟೆಹುಣ್ಣಿನ ಭಯ. ಬಹುಕಾಲ ನುಂಗಿದರೆ ಮೂತ್ರಪಿಂಡಕ್ಕೂ ಪೆಟ್ಟು. ಕೆಲವು ನೋವಿನ ಮಾತ್ರೆಗಳು ರಕ್ತದೊತ್ತಡವನ್ನೇ ಏರಿಸುತ್ತವೆ.

ಚಿತ್ರ ಬರೆಯುವವರಷ್ಟೇ ಅಲ್ಲ, ನೌಕರಿ ಮುಗಿಸಿ ಬಂದು ಸೀರೆಗೆ ಕುಚ್ಚು ಹಾಕುವವರು, ಮಣ್ಣಿನ ಒಡವೆ ಮಾಡುವವರು, ಕಸೂತಿಯವರು ಎಲ್ಲರದೂ ಇದೇ ಪಾಡು. ಮನೆಯವರು ಇದನ್ನು ‘ಹವ್ಯಾಸ’ ಎನ್ನುತ್ತಾರೆ. ಮಾರುವ ದಿನ ಗೊತ್ತಾದ ಮೇಲೆ ಅದು ಹವ್ಯಾಸವಲ್ಲ, ದುಡಿಮೆ.

ಬೆಲೆಯೂ ಔಷಧವೇ

ಔಷಧ ಚೀಟಿಯ ಹಿಂದೆ ಇಬ್ಬರೂ ಲೆಕ್ಕ ಹಾಕಿದೆವು. ಒಂದು ಚಿತ್ರಕ್ಕೆ ಅರವತ್ತು ಗಂಟೆ. ಮಾರುವ ಬೆಲೆ 4,000 ರೂಪಾಯಿ. ರೇಕು, ಬಣ್ಣ, ಚೌಕಟ್ಟಿಗೆ 1,600. ಉಳಿದದ್ದು 2,400, ಅಂದರೆ ಗಂಟೆಗೆ 40 ರೂಪಾಯಿ. ದಿನವೆಲ್ಲ ಲೆಕ್ಕ ಬರೆಯುವ ಆಕೆ ತಮ್ಮ ಲೆಕ್ಕವನ್ನು ಎಂದೂ ಬರೆದಿರಲಿಲ್ಲ! ಬೆಲೆ ಕಡಿಮೆಯಾದಷ್ಟೂ ಹೆಚ್ಚು ಚಿತ್ರ ಬೇಕು. ಚಿತ್ರ ಹೆಚ್ಚಿದಷ್ಟೂ ನಿದ್ದೆ ಕಡಿಮೆ. ಅವರ ತಲೆನೋವಿನ ಬೇರು ಅಲ್ಲಿತ್ತು.

ನೀವು ಮಾಡಬೇಕಾದದ್ದು

* ಕುಂಚ ಕೆಳಗಿಡುವ ಸಮಯ ಮೊದಲೇ ಗೊತ್ತುಮಾಡಿ. ಸೂಕ್ಷ್ಮ ಕೆಲಸವನ್ನು ರಜಾದಿನದ ಹಗಲು ಬೆಳಕಿಗೆ ಇಟ್ಟುಕೊಳ್ಳಿ.

* ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ. ಕಣ್ಣಿಟ್ಟು ಕೆಲಸ ಮಾಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನಲವತ್ತು ದಾಟಿದವರು ಕನ್ನಡಕದ ಪರೀಕ್ಷೆ ಮಾಡಿಸಿ.

* ಹಲಗೆಯನ್ನು ಓರೆಯಾಗಿ ನಿಲ್ಲಿಸಿಕೊಳ್ಳಿ. ಕುತ್ತಿಗೆ ಬಗ್ಗುವುದು ತಪ್ಪುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ವೈದ್ಯರಿಗೆ ತೋರಿಸಿ.

* ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಬೇಡಿ. ಹಳೆಯ ಕ್ರಮದಲ್ಲಿ ಮಕ್ಕಿಗೆ ಸೀಸದ ಬಿಳಿ ಪುಡಿ ಬಳಸುತ್ತಿದ್ದರು. ಸೀಸ ವಿಷ, ಮಕ್ಕಳ ಮೆದುಳಿಗಂತೂ ಬಹಳ ಕೆಟ್ಟದ್ದು. ಸೀಸವಿಲ್ಲದ ಪುಡಿಯನ್ನೇ ಕೇಳಿ ತನ್ನಿ. ಅಡುಗೆಕಟ್ಟೆ, ಊಟದ ಮೇಜಿನ ಮೇಲೆ ಬಣ್ಣ ಕಲಸಬೇಡಿ. ಟರ್ಪೆಂಟೈನ್ ಬಳಸುವವರು ಕಿಟಕಿ ತೆರೆದಿಡಿ.

* ಕೆಲಸದ ಗಂಟೆಗಳನ್ನು ಬರೆದಿಡಿ. ಬೆಲೆ ಇಡುವಾಗ ಅವನ್ನೂ ಸೇರಿಸಿ.

ಮನೆಯವರಿಗೂ ಒಂದು ಮಾತು. ಚಿತ್ರ ಮಾರಿದ ಹಣ ಮನೆಗೆ ಬರುತ್ತದೆಂದ ಮೇಲೆ ಮನೆಯ ಕೆಲಸದಲ್ಲಿ ಒಂದು ಪಾಲು ನಿಮ್ಮದೂ ಆಗಬೇಕು. ಈ ಮಾತನ್ನು ಆಕೆಯ ಪತಿಯನ್ನು ಕರೆಸಿಯೇ ಹೇಳಿದೆ. ‘ಆಕೆ ಕೇಳಲೇ ಇಲ್ಲ ಡಾಕ್ಟ್ರೇ’ ಎಂದರು. ಬೆಳಗಿನ ತಿಂಡಿ, ಡಬ್ಬಿಯ ಹೊಣೆ ಅಂದಿನಿಂದ ಅವರದಾಯಿತು.

ಆ ಜನವರಿಯಲ್ಲಿ ಅವರು ಸಂತೆಗೆ ಒಯ್ದದ್ದು ಹನ್ನೆರಡಲ್ಲ, ಐದು ಚಿತ್ರ. ಬೆಲೆ ಏರಿಸಿದ್ದರು. ಮೂರು ಮಾರಾಟವಾದವು, ಎರಡು ಮನೆಗೆ ಬಂದವು. ರಕ್ತದೊತ್ತಡಕ್ಕೆ ಒಂದು ಮಾತ್ರೆ ಈಗಲೂ ಇದೆ. ಕಳೆದ ಸಲ ನೋಡಿದಾಗ 130/84 ಇತ್ತು. ನೋವಿನ ಮಾತ್ರೆ ನಿಂತಿದೆ, ಕುಂಚ ನಿಂತಿಲ್ಲ.

ತಲೆನೋವೆಂದು ವೈದ್ಯರ ಬಳಿ ಹೋದಾಗ ನಿಮ್ಮ ರಾತ್ರಿಯ ಕೆಲಸದ ವಿಷಯವನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.