ರಾಗಿ ಕಣಕ್ಕೆ ಬಂದ ಮಾರುತಿ ಎಂಜಿನ್

2021ರ ನವೆಂಬರ್ ಮಳೆಯನ್ನು ರಾಗಿ ಬೆಳೆಯುವವರು ಮರೆತಿರಲಾರರು. ನಮ್ಮದು ಮಾಗಡಿ ತಾಲ್ಲೂಕಿನ ಮೂರು ಎಕರೆ ಮಳೆ ನಂಬಿದ ಹೊಲ. ಕೊಯ್ದು ಹಾಕಿದ ಅರಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳಕೆ ಬಂತು. ನಡುವೆ ಮೂರು ದಿನ ಬಿಸಿಲು ಬಿದ್ದಿತ್ತು. ಬಾಡಿಗೆ ಯಂತ್ರದವರನ್ನು ಕೇಳಿದರೆ ಊರಿನವರೆಲ್ಲ ನನಗಿಂತ ಮುಂಚೆ ಕೇಳಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಮತ್ತೆ ಮಳೆ. ಆ ವರ್ಷ ಮನೆಗೆ ಬಂದದ್ದು ಕಪ್ಪು ತಿರುಗಿದ ಆರು ಮೂಟೆ, ದನಕ್ಕೆ ಬೂಷ್ಟು ಹಿಡಿದ ಹುಲ್ಲು.

ಒಕ್ಕಣೆ ಯಂತ್ರ ನಮ್ಮದೇ ಇರಬೇಕೆಂಬ ಹಟ ಬಂದದ್ದು ಆಗ. ಬೆಲ್ಟಿನಲ್ಲಿ ತಿರುಗುವ ಹಳೇ ಯಂತ್ರವೊಂದು ಅಗ್ಗಕ್ಕೆ ಸಿಕ್ಕಿತು. ಆದರೆ ಅದನ್ನು ತಿರುಗಿಸುವುದು ಯಾವುದು? ಕಣಕ್ಕೆ ಕರೆಂಟಿಲ್ಲ, ನನಗೆ ಟ್ರ್ಯಾಕ್ಟರಿಲ್ಲ.

ನನ್ನ ಭಾವಮೈದ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಲೇತ್ ಶೆಡ್ ಇಟ್ಟುಕೊಂಡಿದ್ದಾನೆ. ಮಾಗಡಿ ರಸ್ತೆಯ ಬದಿಯ ಈ ಊರಿನ ಗಲ್ಲಿಗಳಲ್ಲಿ ಲೇತು, ಪವರ್ ಪ್ರೆಸ್ಸು, ಪ್ಲೇಟಿಂಗ್, ವೆಲ್ಡಿಂಗ್ ಒಂದರ ಪಕ್ಕ ಒಂದು. ಕೆಳಗೆ ಶೆಡ್, ಮೇಲೆ ಮನೆ. ಶೆಡ್ಡಿನ ಮುಂದೆ ಅವನ 1997ರ ಮಾರುತಿ 800 ನೆಲದ ತಗಡು ತುಕ್ಕು ತಿಂದು ನಿಂತಿತ್ತು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 5000 ಆಯಿತು. ‘ಭಾವ, ಇದಕ್ಕೆ ಇನ್ನು ದುಡ್ಡು ಸುರಿಯಲ್ಲ, ಎಂಜಿನ್ ಬೇಕಾದರೆ ನೀವೇ ಬಿಚ್ಚಿಕೊಂಡು ಹೋಗಿ’ ಅಂದ.

ಗುಜರಿ ಕಾರು ಬಿಚ್ಚುವವರು ಮೊದಲು ಮಾಡಬೇಕಾದ್ದು ಕಾಗದದ ಕೆಲಸ. ವಾಹನ ಇನ್ನು ಬಳಕೆಗೆ ಬಾರದು ಎಂದು ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹಾಗೆ ಹೇಳುತ್ತದೆ. ಅದಿಲ್ಲದೆ ನಂಬರ್ ಇರುವ ಎಂಜಿನ್ ಹೊತ್ತು ತಿರುಗಿದರೆ ದಾರಿಯಲ್ಲಿ ಕೇಳುವವರಿಗೆ ಏನು ಹೇಳುತ್ತೀರಿ?

ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಕೂತು, ಹಿಂದಿನ ಚಕ್ರಕ್ಕೆ ಉದ್ದನೆಯ ಶಾಫ್ಟ್ ಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಕ್ಕೆ ಕೂತಿದೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಅದಕ್ಕೇ ಅಂಟಿಕೊಂಡು ಒಂದೇ ಗಂಟು. ಎತ್ತಿನ ಗಾಡಿಯ ಹಾಗೆ ಮುಂದಿನಿಂದ ಎಳೆಯುವುದು. ನಮಗೆ ಇದೇ ಅನುಕೂಲ: ಆ ಗಂಟು ಹೊರಬಂದರೆ ಕ್ಲಚ್ಚೂ ಸಿಕ್ಕಿತು, ನಾಲ್ಕು ಗೇರೂ ಸಿಕ್ಕಿತು.

ಬಿಚ್ಚುವ ಮುಂಚೆ ಒಮ್ಮೆ ಸ್ಟಾರ್ಟ್ ಮಾಡಿ ನೋಡಿದೆವು. ನೀಲಿ ಹೊಗೆ ಬಂದರೆ ರಿಂಗು ಸವೆದಿದೆ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ, ಬಿಟ್ಟುಬಿಡಿ. ನಮ್ಮದು ಎರಡರಲ್ಲೂ ಪಾಸಾಯಿತು. ಬ್ಯಾಟರಿಯ ಮೈನಸ್ ಮೊದಲು ತೆಗೆದೆವು. ಆಮೇಲೆ ಪೆಟ್ರೋಲ್ ಇಳಿಸಿ ಟ್ಯಾಂಕನ್ನೇ ಬಿಚ್ಚಿ ದೂರ ಇಟ್ಟೆವು. ಎಂಜಿನ್ ಆಯಿಲ್, ಗೇರ್ ಆಯಿಲ್ ಕ್ಯಾನಿಗೆ. ರೇಡಿಯೇಟರಿನ ಬಣ್ಣದ ನೀರು ಸಿಹಿಯಾಗಿರುತ್ತದೆ, ವಿಷ. ಮೋರಿಗೆ ಚೆಲ್ಲಿದರೆ ಬೀದಿ ನಾಯಿ, ದನ ನೆಕ್ಕಿ ಸಾಯುತ್ತವೆ. ವೈರುಗಳಿಗೆಲ್ಲ ಬಟ್ಟೆ ಚೂರು ಕಟ್ಟಿ ನಂಬರ್ ಬರೆದೆ. ಹುಡುಗರು ನಕ್ಕರು. ಕೂಡಿಸುವಾಗ ಅದೇ ಕಾಪಾಡಿತು.

ಚಕ್ರದ ನಡುವಿನ ಹಬ್ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ತುಳಿದು ಕೂತು ಸಡಿಲಿಸಬೇಕು. ಹಿಡಿಗೆ ಮೂರಡಿ ಪೈಪು ತೂರಿಸಿ ಇಬ್ಬರು ತೂಗಿದ ಮೇಲೆ ಅದು ‘ಕಟ್’ ಎಂದಿತು.

ಆಮೇಲೆ ಜಾಕಿ. ಇಲ್ಲಿ ತಪ್ಪು ಮಾಡಿದವನು ನಾನೇ. ಗಲ್ಲಿ ಇಕ್ಕಟ್ಟು, ಜಾಗ ಸಾಲದೆಂದು ಜಾಕಿಯನ್ನು ಮೋರಿ ಮುಚ್ಚಿದ ಚಪ್ಪಡಿಯ ಮೇಲೆ ಇಟ್ಟೆ. ಭಾವಮೈದನ ಮಗ ಕೆಳಗೆ ಮಲಗಿ ಆಕ್ಸಿಲ್ ಶಾಫ್ಟನ್ನು ಮೀಟುತ್ತಿದ್ದ. ‘ಮಾವ, ಟೀ ತರ್ತೀನಿ’ ಎಂದು ಎದ್ದು ಹೋಗಿ ಎರಡು ನಿಮಿಷವಾಗಿರಲಿಲ್ಲ, ಚಪ್ಪಡಿ ಬಿರಿದು ಕಾರಿನ ಮುಂಭಾಗ ಧಡ್ ಎಂದು ಕೂತಿತು. ಅವನು ಎದೆ ಇಟ್ಟಿದ್ದ ಜಾಗದಲ್ಲಿ ಸ್ಪ್ಯಾನರ್ ಸೊಟ್ಟಗಾಗಿತ್ತು. ಹುಡುಗ ಟೀ ಹಿಡಿದು ಬಂದು ನೋಡಿ ಸುಮ್ಮನೆ ನಿಂತ. ಮೇಲಿನ ಕಿಟಕಿಯಿಂದ ಅವನ ತಾಯಿ ನೋಡಿದ್ದರು. ಆವತ್ತು ಯಾರೂ ನನಗೆ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಮಾರನೆಯ ದಿನದಿಂದ ಜಾಕಿ ಎತ್ತಲು ಮಾತ್ರ. ಎತ್ತಿದ ಮೇಲೆ ದಪ್ಪ ಮರದ ದಿಮ್ಮಿ ಕೊಟ್ಟು, ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ತಳ್ಳಿ, ಅಲ್ಲಾಡಿಸಿ ನೋಡಿಯೇ ಕೆಳಗೆ ಹೋಗುವುದು.

ಸೈಲೆನ್ಸರ್ ನಟ್ಟುಗಳು ತುಕ್ಕಿಗೆ ಒಂದಾಗಿದ್ದವು. ರಾತ್ರಿ ಸೀಮೆಎಣ್ಣೆ ಹಾಕಿ ಬಿಟ್ಟರೂ ಎರಡು ಮುರಿದವು. ಮುರಿಯಲಿ, ಹೇಗೂ ಹೊಸ ಪೈಪು ಬೇಕಿತ್ತು.

ಎಂಜಿನನ್ನು ಮೇಲಕ್ಕೆ ಎಳೆಯಬೇಕು ಎಂದು ನಾನು ತಿಳಿದಿದ್ದೆ. ಭಾವಮೈದ ಬೇರೆ ಉಪಾಯ ಹೇಳಿದ: ಎಂಜಿನ್ ಎತ್ತಬೇಡಿ, ಕಾರನ್ನು ಎತ್ತಿ. ಎಂಜಿನ್ ಕೆಳಗೆ ಹಳೇ ಟಯರು ಇಟ್ಟು, ಅಡ್ಡ ಬಂದ ಪಟ್ಟಿಗಳನ್ನು ಕತ್ತರಿಸಿ, ಮೌಂಟಿಂಗ್ ಬೋಲ್ಟು ತೆಗೆದು ಅದನ್ನು ಟಯರಿನ ಮೇಲೆ ಕೂರಿಸಿದೆವು. ಶೆಡ್ಡಿನ ಬಾಗಿಲ ಮೇಲಿನ ಗರ್ಡರಿಗೆ ಚೈನ್ ಪುಲ್ಲಿ ಹಾಕಿ ಕಾರಿನ ಮೂತಿಯನ್ನು ಮೇಲೆತ್ತಿದೆವು. ಟಯರಿಗೆ ಹಗ್ಗ ಕಟ್ಟಿ ದೂರದಿಂದ ಎಳೆದರೆ ಎಂಜಿನ್ ಗೋಣಿಚೀಲದ ಮೇಲೆ ಜಾರಿ ಹೊರಬಂತು. ಯಾರೂ ಅದರಡಿ ಹೋಗಬೇಕಾಗಲೇ ಇಲ್ಲ.

ಇನ್ನೊಂದು ಮಾತು. ಎರಡು ಆಕ್ಸಿಲ್‌ಗಳಲ್ಲಿ ಒಂದಕ್ಕೆ ಪುಲ್ಲಿ ಹಾಕಿ ಇನ್ನೊಂದನ್ನು ಹಾಗೇ ಬಿಟ್ಟರೆ, ಭಾರ ಬಿದ್ದ ಕೂಡಲೇ ಖಾಲಿ ಇದ್ದದ್ದು ಗಿರಗಿರ ತಿರುಗಿ ಪುಲ್ಲಿ ನಿಲ್ಲುತ್ತದೆ. ಅದು ಡಿಫರೆನ್ಷಿಯಲ್ ಗುಣ. ಒಂದನ್ನು ಬಿಗಿಹಿಡಿದರೆ ಇನ್ನೊಂದರ ಸುತ್ತು ಎರಡರಷ್ಟಾಗಿ ಬಲ ಅರ್ಧವಾಗುತ್ತದೆ. ನಾವು ಒಳಗಿನ ಸಣ್ಣ ಗೇರುಗಳನ್ನು ವೆಲ್ಡ್ ಮಾಡಿ ಎರಡೂ ಒಟ್ಟಿಗೆ ತಿರುಗುವಂತೆ ಮಾಡಿದೆವು. ಒಂದು ತುಂಡು ಶಾಫ್ಟಿಗೆ ಲೇತಿನಲ್ಲಿ ಕಡೆದ ಪುಲ್ಲಿ, ಅದಕ್ಕೆ ಬೇರಿಂಗ್ ಆಸರೆ. ಇನ್ನೊಂದರ ತುಂಡನ್ನು ಆಯಿಲ್ ಸೋರದಿರಲೆಂದು ಹಾಗೇ ಉಳಿಸಿದೆವು.

ಆಂಗಲ್ ಫ್ರೇಮಿಗೆ ಕೂರಿಸಿ, ರೇಡಿಯೇಟರ್, ಅದರ ಕರೆಂಟು ಫ್ಯಾನು, ಬ್ಯಾಟರಿ ಸಮೇತ ಊರಿಗೆ ತಂದೆವು. ಫ್ಯಾನ್ ಬಿಟ್ಟು ಬರಬೇಡಿ. ನಿಂತಲ್ಲೇ ಓಡುವ ಎಂಜಿನ್‌ಗೆ ಎದುರುಗಾಳಿ ಇಲ್ಲ, ಬೇಗ ಕಾಯುತ್ತದೆ. ಸೈಲೆನ್ಸರನ್ನು ಆಳೆತ್ತರಕ್ಕೆ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಎರಡು ಡ್ರಮ್ ನೀರು ಇಟ್ಟೇ ಕಣದಲ್ಲಿ ಓಡಿಸುತ್ತೇವೆ. ಒಣ ಹುಲ್ಲಿಗೆ ಕಿಡಿ ಸಾಕು.

ಗಂಟೆಗೆ ಎರಡೂವರೆಯಿಂದ ಮೂರು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ ನೂರು ದಾಟಿದ ಕಾಲದಲ್ಲಿ ದಿನಾ ನೀರೆತ್ತಲು ಇದು ಬೇಡವೇ ಬೇಡ. ವರ್ಷಕ್ಕೆ ಎರಡು ಮೂರು ದಿನದ ಒಕ್ಕಣೆಗೆ, ಬಿಸಿಲು ಕಂಡ ದಿನವೇ ಶುರು ಮಾಡಲು ಆಗುತ್ತದಲ್ಲ, ನಾನು ಅದಕ್ಕೆ ದುಡ್ಡು ಕೊಡುತ್ತಿದ್ದೇನೆ.

ಒಂದು ತೊಡಕು ಬಗೆಹರಿದಿಲ್ಲ. ಪಂಪಿನ ಡೀಸೆಲ್ ಎಂಜಿನ್‌ಗೆ ಇರುವಂತೆ ಕಾರಿನದಕ್ಕೆ ಗವರ್ನರ್ ಇಲ್ಲ. ಅರಿ ಜಾಸ್ತಿ ತುರುಕಿದರೆ ಉಸಿರು ಕಟ್ಟುತ್ತದೆ, ಕೈ ತಡೆದರೆ ಕೂಗುತ್ತದೆ. ಆಕ್ಸಿಲರೇಟರ್ ತಂತಿ ಹಿಡಿದು ಒಬ್ಬ ಆಳು ನಿಂತೇ ಇರಬೇಕು. ಸದ್ಯಕ್ಕೆ ಆ ಆಳು ನಾನೇ. ಮಾರುತಿ ಕಾರ್ಬ್ಯುರೇಟರಿಗೆ ಗವರ್ನರ್ ಕೂರಿಸಿ ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ.